ಎರಡಡಿ ತೋಳಿನ ಗೋಡೆ ದೀಪ ಕೆಳಗೆ ಜಾರದಂತೆ ಯಾವ ನಟ್ ಹಾಕಬೇಕು?

ಮಂಚದಲ್ಲಿ ಕೂತು ಓದಲು ಹಾಕುವ ದೀಪ ಮೇಲೆ-ಕೆಳಗೂ ಆಡಬೇಕು, ಆಚೆ-ಈಚೆಗೂ ತಿರುಗಬೇಕು, ಗೋಡೆ ಹತ್ತಿರದ ಕೀಲಿಗೆ ವಿಂಗ್ ನಟ್ಟೋ (ಬೆರಳಲ್ಲಿ ತಿರುಗಿಸುವ ರೆಕ್ಕೆಯ ನಟ್ಟು) ನೈಲಾಕ್ ನಟ್ಟೋ (ಸಡಿಲವಾಗದಂತೆ ಒಳಗೆ ನೈಲಾನ್ ಬಳೆಯಿರುವ ನಟ್ಟು) ಅಂತ ಕೇಳಿದ್ದೀರಿ. ಎರಡೂ ಬೇಡ. ಗೋಡೆ ಹತ್ತಿರ ಮೇಲೆ-ಕೆಳಗೆ ಆಡುವ ಕೀಲೇ ಬೇಡ.

ತುಮಕೂರಿನ ಮನೆಗೆ ನಾನು ಮಾಡಿದ ಮೊದಲ ದೀಪವೂ ಹೀಗೇ ಇತ್ತು. 16 ಮಿ.ಮೀ. ದುಂಡು ಪೈಪಿನ 600 ಮಿ.ಮೀ. ತೋಳು, ತುದಿಗೆ ಅಲ್ಯೂಮಿನಿಯಂ ಶೇಡು, ಗೋಡೆಗೆ ಒಂದು ಪುಟ್ಟ ದುಂಡು ಪ್ಲೇಟು, ಅಲ್ಲಿ ಎಂ6 (6 ಮಿ.ಮೀ. ದಪ್ಪದ) ಬೋಲ್ಟಿಗೆ ವಿಂಗ್ ನಟ್ಟು, ನಡುವೆ ರಬ್ಬರ್ ವಾಷರ್. ಮೊದಲ ದಿನ ಇಟ್ಟ ಕಡೆ ನಿಂತಿತು. ನಿಂತದ್ದಕ್ಕೇ ನಂಬಿ ಕೆಟ್ಟೆ.

ಲೆಕ್ಕ ಮೊದಲೇ ಹಾಕಬೇಕಿತ್ತು. ಶೇಡು, ಹೋಲ್ಡರ್, ಬಲ್ಬು ಸೇರಿ 350 ಗ್ರಾಂ, ಗೋಡೆಯಿಂದ 600 ಮಿ.ಮೀ. ದೂರ. ವೈರು ಸೇರಿ ಪೈಪು 250 ಗ್ರಾಂ, ಅದರ ಭಾರ ನಡುಮಧ್ಯದಲ್ಲಿ, ಅಂದರೆ 300 ಮಿ.ಮೀ. ದೂರ. ಭಾರವನ್ನು ದೂರದಿಂದ ಗುಣಿಸಿದರೆ 210 ಮತ್ತು 75, ಒಟ್ಟು 285 ಕೆ.ಜಿ.-ಮಿ.ಮೀ. ತಿರುಚು ಬಲ. ಅದನ್ನು ಬರೀ 10 ಮಿ.ಮೀ. ತ್ರಿಜ್ಯದ ವಾಷರ್ ತಡೆಯಬೇಕು. ಘರ್ಷಣೆ ಗುಣಾಂಕ (ಮುಖಗಳು ಜಾರದೆ ಎಷ್ಟು ಹಿಡಿಯುತ್ತವೆ ಅನ್ನುವ ಅಳತೆ) 0.3 ಅಂತಿಟ್ಟರೆ, ಎರಡು ಮುಖಕ್ಕೆ ಸೇರಿ ಸುಮಾರು 48 ಕೆ.ಜಿ. ಬಿಗಿತ ಸದಾ ಇರಬೇಕು. ಬೆರಳಲ್ಲಿ ಬಿಗಿದರೂ ಅಷ್ಟು ಬರುತ್ತದೆ, ಆದರೆ ಉಳಿಯುವುದಿಲ್ಲ. ರಬ್ಬರ್ ದಿನೇ ದಿನೇ ಅದುಮಿಕೊಂಡು ತೆಳ್ಳಗಾಗುತ್ತದೆ. ತೋಳು ಆಡಿಸಿದಾಗಲೆಲ್ಲ ನಟ್ಟೂ ಕೂದಲೆಳೆಯಷ್ಟು ಜೊತೆಗೆ ತಿರುಗುತ್ತದೆ. ವಾರದಲ್ಲಿ ದೀಪ ತಲೆ ತಗ್ಗಿಸುತ್ತದೆ.

ಆಗ ನಾನು ಇಕ್ಕಳ ಹಿಡಿದು ಬಿಗಿದೆ. ತಪ್ಪಾದದ್ದು ಇಲ್ಲೇ, ಸರಿಯಾಗಿ ಗಮನಿಸಿ. ಕೀಲು ಬಿಗಿಯಾದಷ್ಟೂ ನಿಮ್ಮ ಕೈಬಲ ಕೀಲಿನಲ್ಲಿ ಕರಗದೆ ನೇರವಾಗಿ ಗೋಡೆಗೆ ಹೋಗುತ್ತದೆ. ಕೆಳಗೆ ಒತ್ತಿದರೆ ಮೇಲಿನ ಸ್ಕ್ರೂ ಹೊರಕ್ಕೆ ಎಳೆಯುತ್ತದೆ, ಮೇಲೆ ಎತ್ತಿದರೆ ಕೆಳಗಿನದು. ಎರಡು ಸ್ಕ್ರೂಗಳ ಅಂತರ 40 ಮಿ.ಮೀ. ಇತ್ತು. ದೀಪ ಸುಮ್ಮನೆ ನಿಂತಾಗಲೇ 285 ಭಾಗಿಸು 40, ಏಳು ಕೆ.ಜಿ. ಎಳೆತ. ಸ್ಕ್ರೂ ಹಿಡಿಯಲು ಗೋಡೆ ತೂತಿಗೆ ಹಾಕುವ ಪ್ಲಗ್ 25 ಮಿ.ಮೀ. ಉದ್ದ. ಅದರಲ್ಲಿ 12–15 ಮಿ.ಮೀ. ಗಾರೆಯೊಳಗೇ ಮುಗಿಯುತ್ತದೆ, ಇಟ್ಟಿಗೆಗೆ ಹಿಡಿದದ್ದು ಸುಮಾರು ಅರ್ಧವಷ್ಟೇ. ದಿನಾ ಹಿಂದೆ-ಮುಂದೆ ಅಲುಗಿ ತೂತು ಅಗಲವಾಯಿತು. ಒಂದು ರಾತ್ರಿ ಅಂಗೈ ಅಗಲದ ಗಾರೆ ಸಮೇತ ದೀಪ ಮಂಚದ ಮೇಲೆ ಬಿತ್ತು. ಯಾರೂ ಮಲಗಿರಲಿಲ್ಲ.

ಮೇಲೆ-ಕೆಳಗೆ ಬೇಕೇ ಬೇಕು ಅಂದರೆ ಸ್ಪ್ರಿಂಗ್ ಬೇಕು. ಇಂಗ್ಲೆಂಡಿನ ಎಂಜಿನಿಯರ್ ಜಾರ್ಜ್ ಕಾರ್ವರ್ಡೀನ್ 1932ರಲ್ಲಿ ಆಂಗಲ್‌ಪಾಯ್ಸ್ ದೀಪಕ್ಕೆ ಮಾಡಿದ್ದು ಅದನ್ನೇ, ಭಾರಕ್ಕೆ ಸ್ಪ್ರಿಂಗ್ ಎದುರು ನಿಲ್ಲಿಸಿದ್ದು. ನಿಮಗೆ ಬೇಕಿರುವುದು ಸರಳ ದೀಪ. ಫ್ರಾನ್ಸಿನ ವಿನ್ಯಾಸಕ ಜಾನ್ ಪ್ರೂವೆಯ ಪೋಟಾನ್ಸ್ ಎಂಬ ಗೋಡೆ ದೀಪದ ತೋಳು ಸುಮಾರು ಎರಡು ಮೀಟರ್ ಉದ್ದ, ಆದರೂ ಗೋಡೆ ಹತ್ತಿರ ಬಾಗಿಲಿನ ಹಾಗೆ ಅಡ್ಡಕ್ಕೆ ಮಾತ್ರ ತಿರುಗುತ್ತದೆ. ನೆಟ್ಟಗೆ ನಿಂತ ಪಿನ್ನಿನ ಸುತ್ತ ತಿರುಗುವ ತೋಳನ್ನು ಭಾರ ಯಾವ ಕಡೆಗೂ ತಿರುಗಿಸಲಾರದು, ಹಾಗಾಗಿ ಹಿಡಿದು ನಿಲ್ಲಿಸಲು ನಟ್ಟೇ ಬೇಕಿಲ್ಲ.

ಹೀಗೆ ಮಾಡಿಸಿ. 25×5 ಮಿ.ಮೀ. ಕಬ್ಬಿಣದ ಪಟ್ಟಿ, 200 ಮಿ.ಮೀ. ಉದ್ದ, ಗೋಡೆಗೆ ನೆಟ್ಟಗೆ, ಮೇಲಿಂದ ಕೆಳಕ್ಕೆ. ಸ್ಕ್ರೂ ತೂತುಗಳ ನಡುವೆ 160 ಮಿ.ಮೀ. ಇದ್ದರೆ ಎಳೆತ ಏಳು ಕೆ.ಜಿ.ಯಿಂದ ಎರಡಕ್ಕಿಂತ ಕೆಳಗೆ ಇಳಿಯುತ್ತದೆ. ಪಟ್ಟಿಗೆ 100 ಮಿ.ಮೀ. ಅಂತರದಲ್ಲಿ ಎರಡು ಕಿವಿ ವೆಲ್ಡಿಂಗ್, ಅವುಗಳಲ್ಲಿ 12 ಮಿ.ಮೀ. ರಾಡು, ರಾಡಿಗೆ ತೊಡಿಸಿದ ಪೈಪಿನ ತುಂಡು, ಆ ತುಂಡಿಗೆ ತೋಳು ವೆಲ್ಡಿಂಗ್. ತುಂಡಿನ ಕೆಳಗೆ ನೈಲಾನ್ ವಾಷರ್. ತುಮಕೂರಿನ ಅಂತರಸನಹಳ್ಳಿ ಕಡೆ ಗೇಟು, ಗ್ರಿಲ್ ಮಾಡುವ ಯಾರಿಗೆ ತೋರಿಸಿದರೂ ಅರ್ಥವಾಗುತ್ತದೆ, ಇದು ಗೇಟಿನ ಕೀಲೇ. ರಾಡಿಗೆ ಪೇಂಟ್ ತಾಗಿಸಬೇಡಿ, ಗ್ರೀಸ್ ಹಚ್ಚಿ. ಪಟ್ಟಿ ಕೂರಿಸುವಾಗ ಗಾರೆಯವರ ತೂಕದ ಗುಂಡು ಹಿಡಿದೇ ನೋಡಿ. ಒಂದೆರಡು ಡಿಗ್ರಿ ವಾಲಿದರೂ ತೋಳು ತಾನಾಗಿ ತಗ್ಗಿನ ಕಡೆಗೆ ತಿರುಗಿ ನಿಲ್ಲುತ್ತದೆ. ಪ್ಲಗ್ 8 ಮಿ.ಮೀ., ಉದ್ದ 50.

ಬಾಗುವ ಕೀಲನ್ನು ಶೇಡಿನ ಬುಡದಲ್ಲಿ ಇಡಿ. ಅಲ್ಲಿ 350 ಗ್ರಾಂ ಬರೀ 50 ಮಿ.ಮೀ. ದೂರದಲ್ಲಿರುತ್ತದೆ, ಅಂದರೆ ಗೋಡೆ ಹತ್ತಿರದ ತಿರುಚಿನ ಹದಿನಾರರಲ್ಲಿ ಒಂದು ಪಾಲು. ಎಂ6 ಬೋಲ್ಟು, ಎರಡು ನೈಲಾನ್ ವಾಷರ್, ನೈಲಾಕ್ ನಟ್ಟು. ನೀವು ಕೇಳಿದ ನಟ್ಟಿಗೆ ಜಾಗ ಇದೇ.

ವೈರು 0.75 ಚದರ ಮಿ.ಮೀ., ಮೂರು ಕೋರಿನದು. ತೋಳಿನೊಳಗಿಂದ ತಂದು, ಕೀಲಿಗೆ 30 ಮಿ.ಮೀ. ಮುಂಚೆ ಕೆಳಗಿನ ತೂತಿನಿಂದ ಹೊರತೆಗೆದು, 120 ಮಿ.ಮೀ. ಸಡಿಲ ಬಿಟ್ಟು ಗೋಡೆ ಬಾಕ್ಸಿಗೆ ಕೊಡಿ. ತೂತಿಗೆ ರಬ್ಬರ್ ಗ್ರೊಮೆಟ್ (ಅಂಚು ಮುಚ್ಚುವ ಬಳೆ) ಇಲ್ಲದಿದ್ದರೆ ಡ್ರಿಲ್ ಮಾಡಿದ ತೂತಿನ ಅಂಚು ಸಿಪ್ಪೆ ಕೊಯ್ದು ಪೈಪಿಗೆ ಕರೆಂಟ್ ಬರುತ್ತದೆ. ಹಸಿರು ವೈರನ್ನು ತೋಳಿಗೂ ಕಟ್ಟಿ, ಶೇಡಿಗೂ ಕಟ್ಟಿ. ನಡುವೆ ನೈಲಾನ್ ವಾಷರ್ ಇರುವುದರಿಂದ ತೋಳಿನ ಅರ್ತಿಂಗ್ ಶೇಡಿಗೆ ಸಿಗುತ್ತದೆ ಅಂತ ನಂಬುವ ಹಾಗಿಲ್ಲ.

ಇನ್ನು ಎತ್ತರ. ಗೋಡೆಗೆ ಡ್ರಿಲ್ ಇಡುವ ಮೊದಲು ದಿಂಬಿಗೆ ಒರಗಿ ಕೂತು, ಮನೆಯವರೊಬ್ಬರ ಕೈಗೆ ಶೇಡು ಕೊಟ್ಟು ಹಿಡಿಸಿ. ಬಲ್ಬು ಕಣ್ಣಿಗೆ ಕಾಣದೆ ಪುಸ್ತಕ ಮಾತ್ರ ಬೆಳಗುವ ಎತ್ತರ ಸಿಕ್ಕಾಗ ಗೋಡೆಗೆ ಪೆನ್ಸಿಲ್ ಗುರುತು ಹಾಕಿ. ಆ ಎತ್ತರ ಒಮ್ಮೆ ಸರಿಯಾದರೆ ದೀಪ ಮೇಲೆ-ಕೆಳಗೆ ಆಡಬೇಕಾದ ಅಗತ್ಯವೇ ಬರುವುದಿಲ್ಲ.