ಪಿಂಡಾರಿ ಅಂದ್ರೆ ಯಾರು?

ಪ್ರಶ್ನೆ: ಮೊಮ್ಮಗ ತುಂಟಾಟ ಮಾಡಿದರೆ ನಮ್ಮತ್ತೆ ‘ಲೋ ಪಿಂಡಾರಿ’ ಎಂದು ಬೈಯುತ್ತಾರೆ. ಇದು ತಿಥಿಯ ಪಿಂಡದಿಂದ ಬಂದದ್ದೇ?
– ಓದುಗರೊಬ್ಬರು, ಚಿಂತಾಮಣಿ

ಉತ್ತರ: ತಿಥಿಗೂ ಇದಕ್ಕೂ ನಂಟಿಲ್ಲ, ಅತ್ತೆಯನ್ನು ಸುಮ್ನೆ ಅನುಮಾನಿಸಬೇಡಿ! ಪಿಂಡಾರಿಗಳು ಮರಾಠಾ ಸೇನೆಗಳ ಜೊತೆ ಹೋಗುತ್ತಿದ್ದ ಕುದುರೆ ಸವಾರರು. ಸಂಬಳವಿಲ್ಲ, ಲೂಟಿಯೇ ಕೂಲಿ. ‘ಪಿಂಡ’ ಎಂಬ ಹೆಂಡದಿಂದ ಈ ಹೆಸರು ಬಂತು ಎನ್ನುವವರಿದ್ದಾರೆ. ಮರಾಠಿಯ ‘ಪೆಂಢಾ’, ಅಂದರೆ ಹುಲ್ಲಿನ ಕಟ್ಟು, ಮೂಲ ಎನ್ನುವವರೂ ಇದ್ದಾರೆ. ಸೇನೆಗೆ ಮೇವು ಹೊಂದಿಸುವುದೂ ಅವರ ಕೆಲಸವೇ ಅಲ್ವಾ? ನನಗೆ ಎರಡನೆಯದೇ ಜಾಸ್ತಿ ಒಪ್ಪಿಗೆ. 1817–18ರಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ಲಾರ್ಡ್ ಹೇಸ್ಟಿಂಗ್ಸ್ ದಂಡು ಕಟ್ಟಿ ಇವರನ್ನು ಮುರಿದ. ನಾಯಕ ಚೀತು ಕಾಡಿಗೆ ಓಡಿ ಹುಲಿಯ ಬಾಯಿಗೆ ಬಿದ್ದ. ಇವರ ಬೆನ್ನಿಗಿದ್ದ ಅಮೀರ್ ಖಾನನಿಗೆ ಮಾತ್ರ ರಾಜಸ್ಥಾನದ ಟೊಂಕ್‌ನ ನವಾಬಗಿರಿಯೇ ಸಿಕ್ಕಿತು!