ಆ 10 ಲೀಟರಿನ ಲೆಕ್ಕ ಪೇಸ್ಟಿನದ್ದು

ಅಣ್ಣಾ, ನೀವು ಬರೆದದ್ದು ಓದಿ ಹೊಟ್ಟೆ ಉರಿಯಿತು. ಅಡಿಕೆ ಗೊನೆಗೆ ಬಿಡುವ ಬೋರ್ಡೋ ಮದ್ದಿಗೆ ಒಂದು ಕಿಲೋ ಮೈಲುತುತ್ತು (ಕಾಪರ್ ಸಲ್ಫೇಟ್), ಒಂದು ಕಿಲೋ ಸುಣ್ಣ, 10 ಲೀಟರ್ ನೀರು ಅಂತ ಫೋನಿನ ಎಐ ಹೇಳಿತು. ನೀವು ನಂಬಿ ಹಾಗೇ ಕಲಸಿದಿರಿ. ಪಂಪಿನ ನಾಝಲಿನಲ್ಲಿ ಮದ್ದು ಕಟ್ಟಿಕೊಂಡು, ಮದ್ದು ಬಿಡಲು ಬಂದವರ ಅರ್ಧ ದಿನದ ಸಂಬಳ ಸುಮ್ನೆ ಹೋಯಿತು. ಸಿಟ್ಟು ಬಾರದೆ ಇರುತ್ತದಾ?

10 ಲೀಟರಿನ ಲೆಕ್ಕ ಬೋರ್ಡೋ ಪೇಸ್ಟಿನದ್ದು, ಅಂದರೆ ಬುಡಕ್ಕೆ ಬಳಿಯುವ ದಪ್ಪ ಮದ್ದಿನದ್ದು. ಕೊಳೆರೋಗಕ್ಕೆ ಅಡಿಕೆ ಗೊನೆಗೆ ಬಿಡುವುದು ಶೇ. 1ರ ದ್ರಾವಣ. ಮೈಲುತುತ್ತು, ಸುಣ್ಣ ಅಷ್ಟಷ್ಟೇ, ನೀರು ಮಾತ್ರ 100 ಲೀಟರ್. ನನಗೆ ಬೇಜಾರಾಗುವುದು ಏನೆಂದರೆ, ಪೆರ್ಲದ ಯಾವ ಮದ್ದಿನ ಅಂಗಡಿಯಲ್ಲಾದರೂ "ಗೊನೆಗೋ, ಬುಡಕ್ಕೋ?" ಅಂತ ಮೊದಲು ಕೇಳುತ್ತಿದ್ದರು. ಫೋನು ಕೇಳಲೇ ಇಲ್ಲ. ತಪ್ಪನ್ನೂ ಸರಿಯಷ್ಟೇ ಧೈರ್ಯದಲ್ಲಿ ಹೇಳಿತು.

ಉಳಿದದ್ದನ್ನು ಚೆಲ್ಲಬೇಡಿ. ಒಳ್ಳೆಮೆಣಸಿನ ಬಳ್ಳಿಯ ಬುಡಕ್ಕೆ, ನೆಲದಿಂದ ಒಂದೂವರೆ ಅಡಿವರೆಗೆ ಬ್ರಶ್ಶಿನಲ್ಲಿ ಇವತ್ತೇ ಬಳಿಯಿರಿ. ನಾಳೆಗೆ ಇಡಬೇಡಿ.

ಹೊಸದಾಗಿ ಕಲಸುವಾಗ ಮೈಲುತುತ್ತನ್ನು 50 ಲೀಟರ್ ನೀರಿನಲ್ಲಿ, ಸುಣ್ಣವನ್ನು ಬೇರೆ 50 ಲೀಟರಿನಲ್ಲಿ ಕರಗಿಸಿ ಸೋಸಿ. ಪ್ಲಾಸ್ಟಿಕ್ ಡ್ರಮ್ ಆಗಬಹುದು, ಕಬ್ಬಿಣದ್ದು ಬೇಡ. ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ನಿಧಾನಕ್ಕೆ ಹೊಯ್ಯುತ್ತಾ, ಕೋಲಿನಲ್ಲಿ ತಿರುಗಿಸುತ್ತಾ ಇರಿ. ತಿಳಿ ನೀಲಿ ಬಣ್ಣ ಬರುತ್ತದೆ. ಆಮೇಲೆ ತುಕ್ಕು ಉಜ್ಜಿ ತೆಗೆದ ಕತ್ತಿಯ ತುದಿಯನ್ನು ಸ್ವಲ್ಪ ಹೊತ್ತು ಅದ್ದಿ ತೆಗೆಯಿರಿ. ಅಲಗಿನ ಮೇಲೆ ತಾಮ್ರದ ಕೆಂಪು ಕೂತಿದೆಯಾ ನೋಡಿ. ಕೂತಿದ್ದರೆ ಮದ್ದು ಗೊನೆಯನ್ನು ಸುಡುತ್ತದೆ. ಸುಣ್ಣದ ನೀರು ಇನ್ನೂ ಸ್ವಲ್ಪ ಸೇರಿಸಿ, ಕತ್ತಿ ಉಜ್ಜಿ, ಮತ್ತೆ ಅದ್ದಿ. ಈ ಪರೀಕ್ಷೆ ಮಾತ್ರ ಬಿಡಲೇಬೇಡಿ, ಸುಣ್ಣ ಎಲ್ಲ ಸಲ ಒಂದೇ ಥರ ಇರುವುದಿಲ್ಲ.

ಮಳೆ ವಿಷಯದಲ್ಲೂ ಫೋನನ್ನೇ ನೆಚ್ಚಬೇಡಿ. ಕಳೆದ ವರ್ಷ ಬಿಸಿಲಿನ ಚಿತ್ರ ನೋಡಿ ಜನ ಕರೆಸಿದೆ. ಹನ್ನೊಂದು ಗಂಟೆಗೆ ಜೋರು ಮಳೆ, ಗೊನೆಯಲ್ಲಿ ಒಣಗದ ಮದ್ದೆಲ್ಲ ತೊಳೆದು ಹೋಯಿತು. ಆಮೇಲೆ ನೋಡಿದರೆ ಆ್ಯಪಿನಲ್ಲಿ ಇದ್ದದ್ದು ಕಾಸರಗೋಡು ಪೇಟೆ! ಕಡಲ ಬದಿಯ ಬಿಸಿಲು ನಮ್ಮ ಗುಡ್ಡದ ಬದಿಗೆ ಲೆಕ್ಕವಾ? ನಿಮ್ಮದರಲ್ಲಿ ಯಾವ ಊರು ಇದೆ ನೋಡಿ. ಈಗ ನಾನು ಮೂಡು ದಿಕ್ಕಿನ ಮೋಡ ನೋಡದೆ ಡ್ರಮ್ಮಿಗೆ ನೀರು ತುಂಬಿಸುವುದಿಲ್ಲ.

ಎರಡನೇ ಸಲ ಬಿಡುವುದು 40-45 ದಿನ ಕಳೆದು. ಆಗ ಪ್ರಮಾಣದಲ್ಲಿ ಅನುಮಾನ ಬಂದರೆ ಕಾಸರಗೋಡಿನ ಕೂಡ್ಲಿನಲ್ಲಿರುವ ಸಿಪಿಸಿಆರ್‌ಐ, ಅಂದರೆ ತೋಟದ ಬೆಳೆಗಳ ಕೇಂದ್ರ ಸಂಶೋಧನಾ ಸಂಸ್ಥೆಯಲ್ಲಿ ಕೇಳಿ. ನಾಳೆ ಕಲಸಿದ ಮೇಲೆ ಕತ್ತಿಯ ಫೋಟೋ ಇಲ್ಲಿ ಹಾಕಿ. ನಾನು ನೋಡಿ ಹೇಳಿದ ಮೇಲೆಯೇ ಪಂಪು ಶುರು ಮಾಡಿ.