ಕೋಲಾರದಲ್ಲಿ ಮನೆ, ಹಿತ್ತಲು ಪೂರ್ತಿ ಮರಗಳ ನೆರಳು. ಮೊದಲ ಸಲ ಸಣ್ಣ ಕೊಳ ಮಾಡಬೇಕು, ಆಗುತ್ತಾ? ತಾವರೆ ಬರುತ್ತಾ? ಸಿಮೆಂಟೋ ಶೀಟೋ? ಸೊಳ್ಳೆ ಭಯವೂ ಇದೆ, ಮನೆಯಲ್ಲಿ ಮೂರು ವರ್ಷದ ಮಗುವೂ ಇದೆ.

ಕೊಳ ಆಗುತ್ತದೆ, ಧೈರ್ಯವಾಗಿ ಮಾಡಿ. ತಾವರೆ ಮಾತ್ರ ಬರುವುದಿಲ್ಲ. ತಾವರೆಗೂ ನೈದಿಲೆಗೂ ದಿನಕ್ಕೆ 5-6 ಗಂಟೆ ನೇರ ಬಿಸಿಲು ಬೇಕು. ನೆರಳಲ್ಲಿ ನಾಲ್ಕು ಎಲೆ ಬಿಟ್ಟು ಸುಮ್ನೆ ಕೂತುಬಿಡುತ್ತವೆ, ಹೂವಿಲ್ಲ. ಆ ಆಸೆ ಈಗಲೇ ಬಿಟ್ಟರೆ ಉಳಿದದ್ದೆಲ್ಲ ಸುಲಭ.

ನಮ್ಮದೂ ಕೋಲಾರವೇ. ಹಿತ್ತಲಲ್ಲಿ ಹಳೇ ಹೊಂಗೆ ಮರ ಇದೆ, ಪಕ್ಕದ ಮನೆಯ ಮಾವು ಕಾಂಪೌಂಡ್ ದಾಟಿ ಇತ್ತ ಬಾಗಿದೆ. ನಿಮ್ಮ ಹಾಗೇ ನಾನೂ ನೆರಳೇ ತೊಂದರೆ ಅಂದುಕೊಂಡಿದ್ದೆ. ಆದರೆ ನಮ್ಮ ಜಿಲ್ಲೆಯಲ್ಲಿ ನೀರಿಗೆ ಎಷ್ಟು ಕಷ್ಟ ಅಂತ ನಿಮಗೆ ಗೊತ್ತಲ್ವಾ, ನೆರಳಲ್ಲಿದ್ದರೆ ಏಪ್ರಿಲ್ ಬಿಸಿಲಿಗೂ ನೀರು ಅಷ್ಟಾಗಿ ಆವಿಯಾಗುವುದಿಲ್ಲ, ಪಾಚಿಯೂ ಕಡಿಮೆ. ನಿಜವಾದ ತೊಂದರೆ ಮರದಿಂದ ಬೀಳುವ ಎಲೆ.

ಮೊದಲನೇ ಕೊಳವನ್ನು ನಾನು ಹೊಂಗೆ ಮರದ ನೇರ ಕೆಳಗೆ ತೋಡಿದೆ. ತಂಪಾದ ಜಾಗ, ಕಲ್ಲುಬೆಂಚು ಅಲ್ಲೇ ಇತ್ತು. ಮಳೆಗಾಲದಲ್ಲಿ ಚೆನ್ನಾಗಿಯೇ ಇತ್ತು. ಚಳಿ ಮುಗಿದು ಮರ ಎಲೆ ಉದುರಿಸಲು ಶುರು ಮಾಡಿತು ನೋಡಿ, ದಿನಾ ಬೆಳಗ್ಗೆ ಬುಟ್ಟಿ ತುಂಬ ಎಲೆ, ನಾನು ಒಂದು ವಾರ ಊರಲ್ಲಿರಲಿಲ್ಲ, ಬಂದು ನೋಡಿದರೆ ನೀರು ಕಪ್ಪು ಟೀ ಡಿಕಾಕ್ಷನ್ ಆಗಿದೆ, ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿವೆ. ಮಾರನೇ ದಿನ ಬೆಳಗ್ಗೆ ಎಲ್ಲ ಸತ್ತಿದ್ದವು. ತುಂಬ ಸಂಕಟವಾಯಿತು. ಎಲೆ ಕೊಳೆಯುವಾಗ ನೀರಿನ ಆಮ್ಲಜನಕ ತಿಂದುಹಾಕುತ್ತದೆ, ಅದರಲ್ಲೂ ಬೆಳಗಿನ ಜಾವ ಅದು ತೀರ ಕಡಿಮೆ ಇರುತ್ತದೆ. ಇನ್ನೊಂದು ವಿಷಯ ನನಗೆ ಆಮೇಲೆ ಗೊತ್ತಾಯಿತು: ಹೊಂಗೆ ಬೀಜ ಮೀನಿಗೆ ವಿಷ. ಹಿಂದೆ ಅದನ್ನು ಅರೆದು ನೀರಿಗೆ ಹಾಕಿ ಮೀನು ಹಿಡಿಯುತ್ತಿದ್ದರಂತೆ. ನಿಮ್ಮದೂ ಹೊಂಗೆಯಾದರೆ ಕಾಯಿ ನೀರಿಗೆ ಬೀಳದ ಜಾಗವೇ ಬೇಕು.

ಹಾಗಾಗಿ ಗುದ್ದಲಿ ಹಿಡಿಯುವ ಮೊದಲು ಒಂದು ಭಾನುವಾರ ಪೂರ್ತಿ ಹಿತ್ತಲು ನೋಡಿ. ಬೆಳಗ್ಗೆ ಎಲ್ಲಿ ಒಂದೆರಡು ಗಂಟೆ ಬಿಸಿಲು ಬೀಳುತ್ತದೆ, ಕೊಂಬೆಗಳ ಅಂಚು ಎಲ್ಲಿ ಮುಗಿಯುತ್ತದೆ, ಗಾಳಿ ಎಲೆಗಳನ್ನು ತಳ್ಳಿಕೊಂಡು ಹೋಗಿ ಯಾವ ಮೂಲೆಯಲ್ಲಿ ಗುಡ್ಡೆ ಹಾಕುತ್ತದೆ ಅಂತ. ಆ ಮೂಲೆ ಬೇಡವೇ ಬೇಡ. ಕೊಂಬೆಯಿಂದ ಆಚೆ, ಗೋಡೆಯ ನೆರಳು ಬೀಳುವ ಕಡೆ ಜಾಗ ಇದ್ದರೆ ಅದೇ ಒಳ್ಳೆಯದು. ಬುಡದ ಹತ್ತಿರ ಅಗೆದರೆ ಬೇರು ಕಡಿದು ಮರಕ್ಕೂ ಪೆಟ್ಟು, ಮುಂದೆ ಆ ಬೇರುಗಳೇ ಕೊಳಕ್ಕೆ ಹಾಸುವ ಪ್ಲಾಸ್ಟಿಕ್ ಶೀಟ್ ಚುಚ್ಚುತ್ತವೆ.

ಮೊದಲ ಕೊಳಕ್ಕೆ 6 ಅಡಿ ಉದ್ದ, 4 ಅಡಿ ಅಗಲ, 2 ಅಡಿ ಆಳ ಸಾಕು. ಒಂದು ಬದಿಯಲ್ಲಿ 9 ಇಂಚು ಆಳಕ್ಕೆ ಮೆಟ್ಟಿಲು ಬಿಡಿ, ಗಿಡದ ಕುಂಡ ಇಡೋಕೆ. ಸಿಮೆಂಟೋ ಶೀಟೋ ಅಂತ ಕೇಳಿದ್ದೀರಿ. ನಾನಾದರೆ ಶೀಟ್ ಅನ್ನುತ್ತೇನೆ. ಸಿಮೆಂಟಿಗೆ ಬಿರುಕು ಬರುತ್ತದೆ, ಅದರ ಸುಣ್ಣದ ಅಂಶ ಹೋಗುವವರೆಗೆ ವಾರಗಟ್ಟಲೆ ನೀರು ತುಂಬಿ ಚೆಲ್ಲುತ್ತಿರಬೇಕು, ಜಾಗ ಸರಿ ಹೋಗದಿದ್ದರೆ ಒಡೆಯುವುದೊಂದೇ ದಾರಿ. ಕೃಷಿ ಹೊಂಡಕ್ಕೆ ಹಾಕುವ 500 ಮೈಕ್ರಾನ್ (ಅರ್ಧ ಮಿಲಿಮೀಟರ್ ದಪ್ಪದ) ಶೀಟ್ ನಮ್ಮ ಕಡೆ ಸಿಗುತ್ತದೆ. ಅಳತೆ ಹೀಗೆ: ಉದ್ದಕ್ಕೆ ಆಳದ ಎರಡರಷ್ಟು ಸೇರಿಸಿ, ಎರಡೂ ಕಡೆ ಅಂಚಿಗೆ ಒಂದೊಂದು ಅಡಿ. ಅಂದರೆ ಉದ್ದ 6+4+2, 12 ಅಡಿ. ಅಗಲ 4+4+2, 10 ಅಡಿ. ಹಾಸುವ ಮೊದಲು ಗುಂಡಿಯ ಗರಸು ಕಲ್ಲು, ಬೇರಿನ ಚೂಪು ಎಲ್ಲ ಕೈಯಾಡಿಸಿ ತೆಗೆಯಿರಿ, ಜರಡಿ ಹಿಡಿದ ಮರಳು ಹಾಕಿ, ಮೇಲೆ ಪ್ಲಾಸ್ಟಿಕ್ ಅಕ್ಕಿಚೀಲ ಹರಡಿ. ಗೋಣಿಚೀಲ ಬೇಡ, ಗೆದ್ದಲು ತಿನ್ನುತ್ತದೆ. ಅಂಚನ್ನು ರಸಮಟ್ಟ ಇಟ್ಟು ನೋಡಿ, ಒಂದು ಇಂಚು ವ್ಯತ್ಯಾಸ ಇದ್ದರೂ ಒಂದು ಕಡೆ ತುಳುಕಿ ಇನ್ನೊಂದು ಕಡೆ ಶೀಟ್ ಕಾಣುತ್ತದೆ. ಸುತ್ತ ನೆಲಕ್ಕಿಂತ ಅರ್ಧ ಅಡಿ ಎತ್ತರಕ್ಕೆ ಇಟ್ಟಿಗೆ ಕಟ್ಟಿ, ಇಲ್ಲದಿದ್ದರೆ ಮಳೆ ಬಂದಾಗ ಕೆಂಪು ಮಣ್ಣೆಲ್ಲ ಒಳಗೆ.

ಇದಕ್ಕೆ ಸುಮಾರು 1200 ಲೀಟರ್ ನೀರು ಹಿಡಿಯುತ್ತದೆ. ಬೋರ್ ನೀರು ಹಾಕಬಹುದು, ಆದರೆ ಗಡಸು ಜಾಸ್ತಿ, ಆವಿಯಾದಷ್ಟೂ ಉಪ್ಪಿನಂಶ ಉಳಿದು ಅಂಚಿಗೆ ಬಿಳಿ ಗೆರೆ ಕಟ್ಟುತ್ತದೆ. ಮಳೆ ನೀರು ಸಿಕ್ಕರೆ ಅದೇ ಹಾಕಿ. 5 ಚದರದ (500 ಚದರ ಅಡಿ) ತಾರಸಿ ಮೇಲೆ ಒಂದು ಇಂಚು ಮಳೆ ಬಿದ್ದರೆ ಹತ್ತಿರ ಹತ್ತಿರ ಇಷ್ಟೇ ನೀರು! ನಮ್ಮಲ್ಲಿ ಮಳೆ ಜೋರಾಗುವುದು ಸೆಪ್ಟೆಂಬರ್-ಅಕ್ಟೋಬರ್, ಆಗಸ್ಟ್ ಒಳಗೆ ಕೆಲಸ ಮುಗಿಸಿ.

ತಾವರೆ ಇಲ್ಲದಿದ್ದರೆ ಬೋಳಾಗಿ ಕಾಣುತ್ತದೆ ಅಂತ ಬೇಜಾರಾಗಬೇಡಿ. ನೆರಳಿಗೆ ಕೆಸವಿನಷ್ಟು ಚಂದದ ಗಿಡ ಇಲ್ಲ, ಎಲೆ ಮೇಲೆ ಹನಿ ಉರುಳುವುದು ನೋಡಲು ಎರಡು ಕಣ್ಣು ಸಾಲದು. ಬಜೆ, ಅಂಚಿಗೆ ಒಂದೆಲಗ, ಇಟ್ಟಿಗೆ ಸಂದಿಗೆ ಜರಿಗಿಡ. ಒಂದೆಲಗ ಚಟ್ನಿಗೂ ಆಯಿತು. ಕೆರೆಯಿಂದ ತೇಲುವ ಗಿಡ ತಂದು ಬಿಡಬೇಡಿ, ತಿಂಗಳಲ್ಲಿ ನೀರೇ ಕಾಣದ ಹಾಗೆ ಮುಚ್ಚಿಬಿಡುತ್ತದೆ.

ಸೊಳ್ಳೆ ಭಯ ಸರಿಯಾದದ್ದೇ. ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ನೀರು ಒಂದು ವಾರ ನಿಂತ ಮೇಲೆ 10-15 ಗಪ್ಪಿ ಮೀನು ಬಿಡಿ, ಸೊಳ್ಳೆಯ ಹುಳುಗಳನ್ನು ಹುಡುಕಿ ತಿನ್ನುತ್ತವೆ, ತಾವೇ ಮರಿ ಹಾಕಿಕೊಳ್ಳುತ್ತವೆ. ಜಾಸ್ತಿಯಾದವನ್ನು ಕೆರೆಗೆ ಬಿಡಬೇಡಿ, ಕೇಳಿದವರಿಗೆ ಕೊಡಿ. ಜೊತೆಗೆ ಒಂದು ಸಣ್ಣ ಪಂಪ್ ಇರಲಿ. ನಮ್ಮ ಅಂತರಗಂಗೆ ಬೆಟ್ಟದಲ್ಲಿ ಬಸವನ ಬಾಯಿಂದ ನೀರು ಬೀಳುತ್ತದಲ್ಲ, ಹಾಗೆ ಸಣ್ಣ ಧಾರೆ ಬಿದ್ದರೂ ನೀರಿಗೆ ಗಾಳಿ ಸೇರುತ್ತದೆ. 18 ವ್ಯಾಟಿನದು ಹಗಲೂ ರಾತ್ರಿ ಓಡಿದರೆ ತಿಂಗಳಿಗೆ 13 ಯೂನಿಟ್.

ಎಲೆ ಉದುರುವ ಕಾಲಕ್ಕೆ, ದ್ರಾಕ್ಷಿ ತೋಟಕ್ಕೆ ಹಕ್ಕಿ ಬರದ ಹಾಗೆ ಕಟ್ಟುತ್ತಾರಲ್ಲ, ಆ ಬಲೆಯನ್ನು ಮೇಲೆ ಬಿಗಿಯಾಗಿ ಕಟ್ಟಿ. ನನ್ನ ಎರಡನೇ ಕೊಳ ಉಳಿದದ್ದೇ ಅದರಿಂದ.

ಮನೆಯಲ್ಲಿ ಮೂರು ವರ್ಷದ ಮಗು ಇದೆ ಅಂದಿದ್ದೀರಿ. ಹಾಗಾದರೆ ಮೇಲಿನದ್ದೆಲ್ಲ ಆಮೇಲೆ, ಮೊದಲು ವೆಲ್ಡಿಂಗ್ ಅಂಗಡಿಯಲ್ಲಿ ದಪ್ಪ ಕಂಬಿಯ ಜಾಲರಿ ಮಾಡಿಸಿ, ಬೀಗ ಹಾಕುವ ಹಾಗೆ. ಬಲೆ ಮಗುವಿನ ಭಾರ ತಡೆಯುವುದಿಲ್ಲ, ಅರ್ಧ ಅಡಿ ನೀರೂ ಅಪಾಯವೇ. ಜಾಲರಿ ಬರುವವರೆಗೆ ಗುಂಡಿಗೆ ನೀರು ತುಂಬಬೇಡಿ.

ನಿಮ್ಮದು ಯಾವ ಮರ ಅಂತ ಬರೆದಿಲ್ಲ. ಬೆಳಗ್ಗೆ ಹತ್ತಕ್ಕೆ ಒಂದು, ಮಧ್ಯಾಹ್ನ ಮೂರಕ್ಕೆ ಒಂದು ಫೋಟೋ ಹಾಕಿ, ಎಲ್ಲಿ ಅಗೆಯಬಹುದು ಅಂತ ನೋಡಿ ಹೇಳುತ್ತೇನೆ.